ಪಗಾರದ ಮೂಲದಲ್ಲಿ ಶಾಂತಿ

ಚಾಮರಾಜನಗರ ಸಮೀಪದ ಬದನಗುಪ್ಪೆ ಕೈಗಾರಿಕಾ ಪ್ರದೇಶದಲ್ಲಿ ತಿಂಗಳಿಡೀ ದುಡಿದವರ ಕೈಸೇರುವ ಹಣಕ್ಕೆ ‘ಸಂಬಳ’ವೆಂದು ಹೆಸರು; ದಿನದ ಲೆಕ್ಕದಲ್ಲಿ ದುಡಿದವರಿಗೆ ಅದು ‘ಕೂಲಿ’. ಬೆಳಗಾವಿ, ಧಾರವಾಡ, ಕಾರವಾರಗಳ ಕಡೆ ಅದೇ ಹಣ ‘ಪಗಾರ’ವಾಗುತ್ತದೆ. ಅಚ್ಚಗನ್ನಡದಂತೆ ಕೇಳಿಸುವ ಈ ಪದದ ತವರು ಪ್ರಾಚೀನ ರೋಮ್.

ಲ್ಯಾಟಿನ್ ಭಾಷೆಯಲ್ಲಿ ‘ಪಾಕ್ಸ್’ ಎಂದರೆ ಶಾಂತಿ. ಅದರಿಂದ ಹುಟ್ಟಿದ ‘ಪಾಕಾರೆ’ ಎಂಬ ಕ್ರಿಯಾಪದಕ್ಕೆ ಶಾಂತಗೊಳಿಸು ಎಂಬ ಅರ್ಥ. ಗೆದ್ದ ನಾಡನ್ನು ಹತೋಟಿಗೆ ತರುವುದಕ್ಕೂ ರೋಮನ್ನರು ಇದೇ ಪದವನ್ನು ಬಳಸುತ್ತಿದ್ದರು. ಕಾಲಾನಂತರ ಸಾಲ ಕೊಟ್ಟವನನ್ನು ಸಮಾಧಾನಪಡಿಸು, ಅಂದರೆ ಅವನ ಬಾಕಿ ತೀರಿಸು ಎಂಬ ಅರ್ಥವೂ ಅದಕ್ಕೆ ಬಂದಿತು.

ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಭಾಷೆಗಳೆರಡರಲ್ಲೂ ಇದು ‘ಪಗಾರ್’ ಆಯಿತು. ಹಣ ಪಾವತಿಸು ಎಂಬುದೇ ಮುಖ್ಯಾರ್ಥವಾಗಿ ಉಳಿಯಿತು. ಸ್ವರಗಳ ನಡುವಿನ ಕಕಾರ ಗಕಾರವಾಗುವುದು ಕನ್ನಡಿಗರಿಗೆ ಹೊಸತಲ್ಲ. ‘ಆಕಾಶ’ ‘ಆಗಸ’ವಾದುದೂ, ‘ಮಲ್ಲಿಕಾ’ ‘ಮಲ್ಲಿಗೆ’ಯಾದುದೂ ಹೀಗೆಯೇ. ಫ್ರೆಂಚ್ ಮೂಲಕ ಇಂಗ್ಲಿಷಿಗೆ ಹೋದ ರೂಪವೇ ‘ಪೇ’. ಆದ್ದರಿಂದ ಹುಬ್ಬಳ್ಳಿಯ ಪಗಾರ ಮತ್ತು ಬೆಂಗಳೂರಿನ ಪೇ ಸ್ಲಿಪ್ಪಿನ ‘ಪೇ’ ದಾಯಾದಿಗಳು.

1510ರಲ್ಲಿ ಗೋವಾವನ್ನು ವಶಪಡಿಸಿಕೊಂಡ ಪೋರ್ಚುಗೀಸರು 1961ರವರೆಗೆ ಅಲ್ಲಿ ಆಳಿದರು. ಆ ನಂಟಿನಿಂದ ಪಶ್ಚಿಮ ಕರಾವಳಿಯ ಭಾಷೆಗಳಿಗೆ ಬಂದ ಪದಗಳಲ್ಲಿ ಪಗಾರವೂ ಒಂದು. ಕೊಂಕಣಿ, ಮರಾಠಿಗಳಲ್ಲೂ ಅದು ಬಳಕೆಯಲ್ಲಿದೆ. ಅಲ್ಲಿ ಕ್ರಿಯಾಪದವಾಗಿದ್ದುದು ಇಲ್ಲಿ ನಾಮಪದವಾಗಿ, ದುಡಿಮೆಯ ಪ್ರತಿಫಲವನ್ನು ಸೂಚಿಸತೊಡಗಿತು. ಪಾದ್ರಿ, ಅಲಮಾರು, ಚಾವಿ ಇದೇ ದಾರಿಯಲ್ಲಿ ಬಂದ ಪದಗಳು. ಬೀಗದ ಕೈಗೆ ಲ್ಯಾಟಿನ್‌ನಲ್ಲಿದ್ದ ‘ಕ್ಲಾವಿಸ್’ ಎಂಬ ಪದವೇ ಪೋರ್ಚುಗೀಸರ ಬಾಯಲ್ಲಿ ‘ಚಾವೆ’ಯಾಗಿ, ಸ್ಪ್ಯಾನಿಷ್‌ನಲ್ಲಿ ‘ಯಾವೆ’ಯಾಗಿ ಬದಲಾಯಿತು.

‘ಕೂಲಿ’ಯ ಪ್ರಯಾಣ ಇದಕ್ಕೆ ವಿರುದ್ಧ ದಿಕ್ಕಿನದು. ಗುಜರಾತಿನ ಕೋಳಿ ಸಮುದಾಯದ ಹೆಸರಿನಿಂದ ಇಂಗ್ಲಿಷಿನ ‘ಕೂಲಿ’ ಬಂದಿತೆಂಬ ವಾದವೊಂದಿದೆ. ಸಂಬಳವೆಂಬ ಅರ್ಥದ ದ್ರಾವಿಡ ಪದವೇ ಪೋರ್ಚುಗೀಸರ ಮೂಲಕ ಹೊರಟಿತೆಂಬುದು ಇನ್ನೊಂದು. ಹತ್ತೊಂಬತ್ತನೆಯ ಶತಮಾನದಲ್ಲಿ ಮಾರಿಷಸ್, ದಕ್ಷಿಣ ಆಫ್ರಿಕಾಗಳಿಗೆ ಕರಾರಿನ ಮೇಲೆ ಸಾಗಿಸಲ್ಪಟ್ಟ ಭಾರತೀಯರನ್ನು ಆ ಹೆಸರಿನಿಂದಲೇ ಕರೆಯಲಾಯಿತು. ಕನ್ನಡದಲ್ಲಿ ದುಡಿಮೆಗೆ ಸಲ್ಲಬೇಕಾದ ಹಣವನ್ನು ಸೂಚಿಸುವ ಪದ ಅಲ್ಲಿ ದುಡಿಯುವವನನ್ನೇ ಹೀಯಾಳಿಸುವ ಬೈಗುಳವಾಯಿತು.

ಪಗಾರದ ಹಳೆಯ ಅರ್ಥ ಮಾತ್ರ ಇಂದಿಗೂ ಸಲ್ಲುವಂಥದು. ಅದರ ಪ್ರಕಾರ ದುಡಿದವನೂ ಒಬ್ಬ ಸಾಲಗಾರನಲ್ಲ, ಸಾಲ ಕೊಟ್ಟವನು. ಬಾಕಿ ತೀರುವವರೆಗೆ ಅವನಿಗೆ ಸಮಾಧಾನವಿಲ್ಲ.