ಹಿತ್ತಲ ಟೊಮೇಟೊ, ಮನೆಮಂದಿಯ ರಕ್ತ



ಟೊಮೇಟೊ ಬೆಳೆದವರಿಗೆ ಅದರ ಆಟ ಗೊತ್ತು. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತು. ಬೆಲೆ ಬಿದ್ದ ವರ್ಷಗಳಲ್ಲಿ ಅದೇ ಹಣ್ಣು ಕೊಯ್ಲಿನ ಕೂಲಿಯನ್ನೂ ಹುಟ್ಟಿಸದೆ ರಸ್ತೆಯ ಬದಿ ಸೇರಿದೆ. ಸಾರು ಕಾಯಿಸಿ ಬೆಲೆ ಏರಿಸಲು ನಮ್ಮಿಂದಾಗದು. ಆದರೆ ಹೊಲದಲ್ಲಿ ಹಣ್ಣು ಕೊಳೆಯುತ್ತಿರುವಾಗ ಮನೆಯ ಮಗು ಬಿಳಿಚಿಕೊಂಡಿರುವುದು ಸರಿಯೇ ಎಂದು ಯೋಚಿಸಿರಿ.

ಇದು ಹೆದರಿಸುವ ಮಾತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಪ್ರತಿ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೂ, 15ರಿಂದ 49 ವರ್ಷದ ಪ್ರತಿ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೂ ರಕ್ತಹೀನತೆ ಇತ್ತು.

ರಾಗಿ, ಬೇಳೆ, ಸೊಪ್ಪುಗಳಲ್ಲಿ ಕಬ್ಬಿಣಾಂಶವಿದೆ. ಆದರೆ ನಮ್ಮ ದೇಹ ಅದರಲ್ಲಿ ಸ್ವಲ್ಪವನ್ನೇ ಹೀರಿಕೊಳ್ಳುತ್ತದೆ. ಅದರ ಜೊತೆಗೆ ‘ಸಿ’ ಜೀವಸತ್ವವಿರುವ ಪದಾರ್ಥವನ್ನು ಉಂಡರೆ ಹೆಚ್ಚು ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಟೊಮೇಟೊ ಹಣ್ಣಿನಲ್ಲಿ ಈ ಜೀವಸತ್ವವಿದೆ. ಆದ್ದರಿಂದ ಬೇಳೆ, ಸೊಪ್ಪು, ಟೊಮೇಟೊ ಮೂರೂ ಒಂದೇ ಪಾತ್ರೆಯಲ್ಲಿ ಸೇರುವ ಸಾರು ಮುದ್ದೆಗೆ ಒಳ್ಳೆಯ ಜೋಡಿ. ಬೇಸಿಗೆಯಲ್ಲಿ ಬಾಯಿಗೂ ಹಿತ.

ಐದು ಮಂದಿಗೆ ಬೇಕಾಗುವ ಪದಾರ್ಥಗಳು

ಚೆನ್ನಾಗಿ ಹಣ್ಣಾದ ಟೊಮೇಟೊ ಅರ್ಧ ಕಿಲೋ, ತೊಗರಿಬೇಳೆ 100 ಗ್ರಾಂ, ಒಂದು ಎಳೆಯ ಹೀರೆಕಾಯಿ ಅಥವಾ ಸೋರೆಕಾಯಿಯ ತುಂಡು, ಬಿಡಿಸಿದ ನುಗ್ಗೆಸೊಪ್ಪು ಎರಡು ಹಿಡಿ, ಒಂದು ಈರುಳ್ಳಿ, ಸಾರಿನ ಪುಡಿ, ಅರಿಸಿನ, ಉಪ್ಪು. ಒಗ್ಗರಣೆಗೆ ಎಣ್ಣೆ, ಸಾಸಿವೆ, ಜೀರಿಗೆ, ಬೆಳ್ಳುಳ್ಳಿ, ಕರಿಬೇವು. ಹುಣಸೆಹಣ್ಣು ಬೇಡ, ಹುಳಿಗೆ ಟೊಮೇಟೊವೇ ಸಾಕು.

ಮಾಡುವ ಕ್ರಮ

ತರಕಾರಿಯನ್ನು ಹೆಚ್ಚುವ ಮೊದಲೇ ತೊಳೆಯಿರಿ. ಹೆಚ್ಚಿದ ಮೇಲೆ ತೊಳೆದರೆ ಸತ್ವ ನೀರಿನ ಪಾಲಾಗುತ್ತದೆ.

ಬೇಳೆಯನ್ನು ಅರಿಸಿನ ಮತ್ತು ಎರಡು ತೊಟ್ಟು ಎಣ್ಣೆ ಹಾಕಿ ಮೆತ್ತಗೆ ಬೇಯಿಸಿರಿ. ಟೊಮೇಟೊವನ್ನು ಮೊದಲೇ ಹಾಕಬೇಡಿರಿ. ಹುಳಿ ಸೇರಿದರೆ ಬೇಳೆ ಬೇಗ ಬೇಯದು, ಸೌದೆಯೂ ದಂಡ. ಬೇಳೆ ಬೆಂದ ಮೇಲೆ ಈರುಳ್ಳಿ, ಹೀರೆಕಾಯಿ, ಸೊಪ್ಪು ಹಾಕಿ, ಬೇಕಾದಷ್ಟು ನೀರು ಸೇರಿಸಿ, ಮುಚ್ಚಳ ಮುಚ್ಚಿ ಬೇಯಿಸಿರಿ. ಸೊಪ್ಪು ಮೆತ್ತಗಾದ ಮೇಲೆ ಟೊಮೇಟೊ ಹೋಳು, ಉಪ್ಪು, ಸಾರಿನ ಪುಡಿ ಹಾಕಿ ಏಳೆಂಟು ನಿಮಿಷ ಕುದಿಸಿ ಇಳಿಸಿರಿ. ಬಹಳ ಹೊತ್ತು ಕುದಿಸಿದರೆ ‘ಸಿ’ ಜೀವಸತ್ವ ನಾಶವಾಗುತ್ತದೆ. ಅದಕ್ಕಾಗಿಯೇ ಒಂದು ಹಣ್ಣನ್ನು ತೆಗೆದಿಟ್ಟುಕೊಂಡು, ಸಣ್ಣಗೆ ಹೆಚ್ಚಿ, ಇಳಿಸಿದ ಮೇಲೆ ಹಸಿಯಾಗಿಯೇ ಬೆರೆಸಿರಿ. ಕೊನೆಗೆ ಒಗ್ಗರಣೆ ಕೊಡಿರಿ. ಟೊಮೇಟೊವಿನ ಕೆಂಪು ಬಣ್ಣದಲ್ಲಿರುವ ಸತ್ವ ಮೈಗೆ ಹತ್ತಲು ಸ್ವಲ್ಪ ಎಣ್ಣೆ ಬೇಕು.

ಮಣ್ಣಿನ ಮಡಕೆ ಅಥವಾ ಸ್ಟೀಲಿನ ಪಾತ್ರೆ ಒಳ್ಳೆಯದು. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಹುಳಿ ಪದಾರ್ಥ ಮಾಡಕೂಡದು. ಬೇಸಿಗೆಯಲ್ಲಿ ಸಾರು ಬೇಗ ಕೆಡುತ್ತದೆ. ಆಯಾ ಹೊತ್ತಿಗೆ ಬೇಕಾದಷ್ಟನ್ನೇ ಮಾಡಿರಿ.

ಬಡಿಸುವಾಗ ನೆನಪಿಡಿ

ಬೇಳೆ, ಸೊಪ್ಪು ಪಾತ್ರೆಯ ತಳದಲ್ಲಿರುತ್ತವೆ. ಎಷ್ಟೋ ಮನೆಗಳಲ್ಲಿ ಗಂಡಸರು ಮೊದಲು ಉಂಡು ಏಳುತ್ತಾರೆ. ಬಸುರಿ, ಬಾಣಂತಿ ಕೊನೆಗೆ ಕೂತು ಉಳಿದ ತಿಳಿಯಲ್ಲೇ ಮುದ್ದೆ ಮುಗಿಸುತ್ತಾರೆ. ಈ ಪದ್ಧತಿ ಹೋಗಬೇಕು. ಎಲ್ಲರೂ ಒಟ್ಟಿಗೆ ಕೂತುಣ್ಣಿರಿ. ಸೌಟನ್ನು ತಳಮುಟ್ಟ ತಿರುವಿ, ಅವರಿಗೂ ಮಕ್ಕಳಿಗೂ ಗಟ್ಟಿಯನ್ನು ಬಡಿಸಿರಿ. ಊಟದ ಜೊತೆಗೆ, ಊಟವಾದ ಕೂಡಲೇ ಟೀ ಕುಡಿಯಬೇಡಿರಿ. ಅದು ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ.

ಮನೆಗೆಂದೇ ನಾಲ್ಕಾರು ಗಿಡ

ಮಾರುಕಟ್ಟೆಗೆ ಬೆಳೆದ ಹಣ್ಣಿಗೆ ಔಷಧಿ ಹೊಡೆದಿದ್ದರೆ, ಡಬ್ಬಿಯ ಮೇಲೆ ಬರೆದಷ್ಟು ದಿನ ಕಳೆಯುವ ಮೊದಲು ಅದನ್ನು ತಿನ್ನಲೂಬಾರದು, ಮಾರಲೂಬಾರದು. ಬರೀ ತೊಳೆದರೆ ವಿಷವೆಲ್ಲ ಹೋಗದು. ಆದ್ದರಿಂದ ಪಾತ್ರೆ ತೊಳೆದ ನೀರು ಹರಿಯುವ ಕಡೆ ಮನೆಗೆಂದೇ ಆರು ಗಿಡ ಇಟ್ಟುಕೊಳ್ಳಿರಿ. ಬೇಸಿಗೆಯಲ್ಲಿ ಬಿಳಿನೊಣದಿಂದ ಎಲೆ ಮುರುಟು ರೋಗ ಹರಡುತ್ತದೆ. ಮುರುಟಿದ ಗಿಡವನ್ನು ಕೂಡಲೇ ಕಿತ್ತು ಹಾಕಿರಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ತಳಿ ಈ ರೋಗವನ್ನು ತಡೆದುಕೊಳ್ಳುತ್ತದೆ.

ಸಾರು ಔಷಧಿಯಲ್ಲ. ಆಯಾಸ, ಏದುಸಿರು, ಬಿಳಿಚಿದ ರೆಪ್ಪೆ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿರಿ. ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ಬಿಡದೆ ನುಂಗಿರಿ. ಔಷಧಿ ಮಾಡುವ ಕೆಲಸಕ್ಕೆ ದಿನದಿನದ ಊಟವೂ ಹೆಗಲು ಕೊಡಬೇಕು.

ಮುಂದಿನ ಸಲ ಬಾಕ್ಸು ತುಂಬುವಾಗ, ಮೊದಲ ಬುಟ್ಟಿ ಮನೆಗೆ ಹೋಗಲಿ.