ಇಸಿಜಿ ಸರಿ, ಎದೆ ಮಾತ್ರ ಡವಡವ

ಪ್ರಶ್ನೆ: ಇಸಿಜಿ ಸರಿಯಿದೆಯಂತೆ. ಆದರೂ ಇದ್ದಕ್ಕಿದ್ದಂತೆ ಎದೆ ಬಡಿದುಕೊಂಡು ಜೀವ ಹೋದಂತಾಗುವುದೇಕೆ? – ಓದುಗರು, ರೋಣ

ಉತ್ತರ: ಇದು ಪ್ಯಾನಿಕ್ ಅಟ್ಯಾಕ್ ಇರಬಹುದು. ಅಪಾಯವಿಲ್ಲದಾಗಲೂ ಮೆದುಳು ಬೆದರಿ ಅಡ್ರಿನಲಿನ್ ಹರಿಸುತ್ತದೆ, ಎದೆಬಡಿತ ಏರುತ್ತದೆ. ಉಸಿರು ಜೋರಾದಂತೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮುಗುಡುತ್ತವೆ, ಅದಕ್ಕೂ ಹೆದರುತ್ತೇವೆ. ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ ಇಳಿಯುತ್ತದೆ. ‘ಹಾಗಾದರೆ ಬರೀ ಭ್ರಮೆಯೇ?’ ಎನ್ನುವವರುಂಟು. ಬಡಿತ ನಿಜ, ನಾವು ಅದಕ್ಕೆ ಹಚ್ಚುವ ಅರ್ಥ ತಪ್ಪು. ಉಸಿರನ್ನು ನಿಧಾನವಾಗಿ ಹೊರಬಿಟ್ಟರೆ ಹತೋಟಿ ಸಿಗುತ್ತದೆ. ಹೆದರಿ ಗಜೇಂದ್ರಗಡದ ಸಂತೆ, ನರಗುಂದದ ಬಸ್ಸು ಬಿಟ್ಟರೆ ಭಯ ಬಲಿಯುತ್ತದೆ. ಆದರೆ ಇದು ಮೊದಲ ಸಲವಾದರೆ, ಇಲ್ಲವೇ ಎದೆನೋವು ತೋಳು, ದವಡೆಗೆ ಹರಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮರುಕಳಿಸುತ್ತಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಅದು ದೂರವೆನಿಸಿದರೆ 2022ರಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ, 14416ಕ್ಕೆ, ಕರೆ ಮಾಡಿ. ಕರೆ ಉಚಿತ, ಮಾತು ಕನ್ನಡದಲ್ಲೇ.