ನಿಸ್ತಂತು ಧ್ವನಿವರ್ಧಕ: ಅದರ ಜೋಡಣೆ ಮತ್ತು ಬಳಕೆ

ಕಳೆದ ವರ್ಷದ ವಾರ್ಷಿಕೋತ್ಸವದಲ್ಲಿ ಐದನೆಯ ತರಗತಿಯ ಬಾಲಿಕೆಯೊಬ್ಬಳು ಕನ್ನಡ ಪದ್ಯವೊಂದನ್ನು ಹೇಳಲು ವೇದಿಕೆಗೆ ಬಂದಳು. ಎರಡು ಸಾಲು ಮುಗಿಯುವಷ್ಟರಲ್ಲಿ ಮೈಕು ಮೌನವಾಯಿತು. ಬಾಲಿಕೆ ನಿಲ್ಲಿಸಲಿಲ್ಲ, ಆದರೆ ಗುಲಾಬಿ ತೋಟದ ಕೆಲಸ ಮುಗಿಸಿ ತಡವಾಗಿ ಬಂದು ಹಿಂದೆ ನಿಂತಿದ್ದ ಅವಳ ತಾಯಿಗೆ ಮಗಳ ತುಟಿಗಳ ಚಲನೆ ಕಂಡಿತೇ ಹೊರತು ಮಾತು ಕೇಳಿಸಲಿಲ್ಲ. ಉಪಕರಣದಲ್ಲಿ ದೋಷವಿರಲಿಲ್ಲ, ಬ್ಯಾಟರಿಯನ್ನು ಬದಲಾಯಿಸದ ನಮ್ಮ ಅಲಕ್ಷ್ಯವೇ ಕಾರಣ. ತಮಿಳು, ತೆಲುಗು, ಕನ್ನಡ ಮೂರೂ ಬೆರೆತ ಈ ಹೊಸೂರು ಸೀಮೆಯಲ್ಲಿ ನಮ್ಮ ಮಕ್ಕಳು ತುಂಬಿದ ಸಭೆಯ ಮುಂದೆ ಕನ್ನಡ ನುಡಿಯುವ ಸಂದರ್ಭಗಳು ವಿರಳ. ಅಂಥದೊಂದು ಮತ್ತೆ ವ್ಯರ್ಥವಾಗಬಾರದೆಂದು ಈ ಲೇಖನವನ್ನು ಬರೆದಿದ್ದೇನೆ.

1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ವಿದ್ಯುತ್ಕಾಂತ ಅಲೆಗಳನ್ನು ಗೋಡೆಯಾಚೆಗೆ ಕಳುಹಿಸಿ, ತಂತಿಯ ಸಂಪರ್ಕವಿಲ್ಲದೆಯೇ ಗಂಟೆ ಬಾರಿಸಿ ತೋರಿಸಿದರು. 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ‘ಆಕಾಶವಾಣಿ’ಯೆಂಬ ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು. ನಮ್ಮ ಕೈಯಲ್ಲಿರುವ ನಿಸ್ತಂತು ಮೈಕೂ ಒಂದು ಪುಟ್ಟ ಬಾನುಲಿ ಕೇಂದ್ರವೇ. ಅದು ಧ್ವನಿಯ ಕಂಪನಗಳನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ; ಅದರ ಹಿಡಿಯೊಳಗಿನ ಪ್ರೇಷಕವು ಆ ಸಂಕೇತವನ್ನು ರೇಡಿಯೋ ಅಲೆಯ ಮೇಲೆ ಏರಿಸಿ ಕಳುಹಿಸುತ್ತದೆ. ವೇದಿಕೆಯ ಬದಿಯಲ್ಲಿರುವ ಗ್ರಾಹಕವು ಅದನ್ನು ಇಳಿಸಿಕೊಂಡು ಮಿಕ್ಸರಿಗೆ ಒಪ್ಪಿಸುತ್ತದೆ. ಅಲ್ಲಿಂದ ಅದು ಆಂಪ್ಲಿಫೈಯರನ್ನು ಹಾದು ಸ್ಪೀಕರಿಗೆ ತಲುಪುತ್ತದೆ.

ಪ್ರೇಷಕ, ಗ್ರಾಹಕ ಎರಡೂ ಒಂದೇ ಕಂಪನಾಂಕದಲ್ಲಿರಬೇಕು. ಎರಡು ಮೈಕುಗಳಿದ್ದರೆ ಅವುಗಳಿಗೆ ಬೇರೆ ಬೇರೆ ಕಂಪನಾಂಕ ಬೇಕು. ಒಂದೇ ಆದರೆ ಎರಡರ ಸಂಕೇತಗಳೂ ಕಲಸಿಹೋಗುತ್ತವೆ. ಸೆಕೆಂಡಿಗೆ 60 ಕೋಟಿ ಸಲ ಕಂಪಿಸುವ ಅಲೆಯ ಉದ್ದ ಸುಮಾರು 50 ಸೆಂಟಿಮೀಟರು. ಇಂಥ ಅಲೆಗಳನ್ನು ಮನುಷ್ಯರ ದೇಹ ಹೀರಿಕೊಳ್ಳುತ್ತದೆ, ಕಬ್ಬಿಣದ ಬೀರು ತಡೆಯುತ್ತದೆ. ಆದ್ದರಿಂದ ಗ್ರಾಹಕವನ್ನು ಮೇಜಿನ ಕೆಳಗಿಡದೆ, ಹಾಡುವವರು ಕಣ್ಣಿಗೆ ನೇರವಾಗಿ ಕಾಣುವ ಎತ್ತರದಲ್ಲಿ ಇಡತಕ್ಕದ್ದು.

ಮೈಕು ‘ಕುಯ್ಯೋ’ ಎಂದು ಅರಚುವುದು ಏಕೆ? ಸ್ಪೀಕರಿನ ಶಬ್ದವು ಮತ್ತೆ ಮೈಕಿನೊಳಗೆ ಹೊಕ್ಕು, ಮತ್ತೆ ವರ್ಧಿಸಿ, ಮತ್ತೆ ಹೊರಬಂದು ಸುತ್ತುತ್ತಲೇ ಇರುವುದರಿಂದ. ಸ್ಪೀಕರುಗಳನ್ನು ಹಾಡುವವರಿಗಿಂತ ಮುಂದೆ, ಸಭಿಕರ ಕಡೆಗೆ ತಿರುಗಿಸಿ ಇಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ವಾದ್ಯಗಳ ವಿಷಯದಲ್ಲಿ ಒಂದು ವಿವೇಕ ಅಗತ್ಯ. ಕುಳಿತು ನುಡಿಸುವ ಹಾರ್ಮೋನಿಯಂ, ತಬಲಾಗಳಿಗೆ ತಂತಿಯುಳ್ಳ ಮೈಕೇ ಸಾಕು. ಕೀಬೋರ್ಡಿನ ತಂತಿಯನ್ನು ನೇರವಾಗಿ ಮಿಕ್ಸರಿಗೆ ಜೋಡಿಸಬಹುದು. ನಿಸ್ತಂತು ಮೈಕನ್ನು ನಡೆದಾಡುವ ನಟರಿಗೂ ನಿರೂಪಕರಿಗೂ ಮೀಸಲಿಡಿ. ಮೊದಲು ಗಾಯಕರ ಧ್ವನಿಯನ್ನು ಹೊಂದಿಸಿ, ಅನಂತರ ಅದನ್ನು ಮುಚ್ಚದಷ್ಟು ಮಾತ್ರ ವಾದ್ಯಗಳ ಧ್ವನಿಯನ್ನು ಏರಿಸಿ.

ವಿದ್ಯಾರ್ಥಿಗಳು ನೆನಪಿಡಬೇಕಾದ ನಿಯಮಗಳು ಇವು: ಕಾರ್ಯಕ್ರಮದ ದಿನ ಹೊಸ ಬ್ಯಾಟರಿ ಹಾಕಿ, ಒಂದು ಜೊತೆ ಹೆಚ್ಚಾಗಿ ಇಟ್ಟುಕೊಳ್ಳಿ. ಆಂಪ್ಲಿಫೈಯರನ್ನು ಎಲ್ಲಕ್ಕಿಂತ ಕೊನೆಗೆ ಹಚ್ಚಿ, ಎಲ್ಲಕ್ಕಿಂತ ಮೊದಲು ಆರಿಸಿ. ಇಲ್ಲವಾದರೆ ‘ಢಬ್’ ಎಂಬ ಹೊಡೆತದಿಂದ ಸ್ಪೀಕರು ಕೆಡಬಹುದು. ಮೈಕಿನ ಜಾಲರಿಯನ್ನು ಅಂಗೈಯಿಂದ ಮುಚ್ಚಬೇಡಿ. ಬಾಯಿಗೂ ಮೈಕಿಗೂ ನಾಲ್ಕು ಬೆರಳಿನ ಅಂತರವಿರಲಿ. ಊದಿ ನೋಡಬೇಡಿ, ಮಾತನಾಡಿ ನೋಡಿ. ಪರೀಕ್ಷಿಸುವಾಗ ಗಟ್ಟಿ ಗಂಟಲಿನವರನ್ನಷ್ಟೇ ಕರೆಯದೆ, ಅತ್ಯಂತ ಮೆಲುದನಿಯ ಮಗುವಿನಿಂದಲೂ ಮಾತನಾಡಿಸಿ.

ಯಂತ್ರವು ಧ್ವನಿಯನ್ನು ದೊಡ್ಡದು ಮಾಡಬಲ್ಲುದೇ ಹೊರತು ಉಚ್ಚಾರವನ್ನು ತಿದ್ದಲಾರದು. ಆ ಹೊಣೆ ಮನೆಯದು ಮತ್ತು ಶಾಲೆಯದು. ಪೋಷಕರು ದಿನವೂ ಹತ್ತು ನಿಮಿಷ ಮಕ್ಕಳಿಂದ ಗಟ್ಟಿಯಾಗಿ ಓದಿಸಿ ಕೇಳಬೇಕೆಂದು ಪ್ರಾರ್ಥನೆ. ಈ ವರ್ಷ ಅದೇ ಬಾಲಿಕೆಯ ಪದ್ಯದಿಂದ ಉತ್ಸವವು ಆರಂಭವಾಗಲಿದೆ. ಅದಕ್ಕೆ ಮುಂಚೆ ಕೊನೆಯ ಸಾಲಿನ ಹಿಂದೆ ನಿಂತು, ಮಾತು ಅಲ್ಲಿಗೂ ಸ್ಪಷ್ಟವಾಗಿ ಕೇಳಿಸುತ್ತದೆಯೇ ಎಂದು ಪರೀಕ್ಷಿಸುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ.